ಸಂಗೀತ ಕಚೇರಿಗೆ ಮಗುವನ್ನು ಕರೆದುಕೊಂಡು ಬರಬಹುದಾ ಅಂತ ಕೇಳುವವರಿಗೆ

ಕರೆದುಕೊಂಡು ಬನ್ನಿ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಫೋನ್ ಇಡುವುದಿಲ್ಲ. ಅದಕ್ಕೇ ಉಳಿದದ್ದನ್ನೂ ಇಲ್ಲಿ ಬರೆದುಬಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹಾಸನದಲ್ಲಿ ನಾವು ಕೆಲವರು ಸೇರಿ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಕಚೇರಿ ಮಾಡಿಸುತ್ತೇವೆ. ಹೆಚ್ಚಾಗಿ ವೀಣೆ, ಕೊಳಲು. ನೂರು ಕುರ್ಚಿ ಹಾಕಿದರೆ ತುಂಬುವ ಹಾಲ್. ಮೈಕಿನ ಸದ್ದನ್ನು ಬೇಕಂತಲೇ ಕಡಿಮೆ ಇಡುತ್ತೇವೆ. ಬಾಗಿಲ ಹತ್ತಿರ ನಿಲ್ಲುವ ಕೆಲಸ ನನ್ನದು. ಕರಪತ್ರದಲ್ಲಿರುವ ಫೋನ್ ನಂಬರೂ ನನ್ನದು. ಹಾಗಾಗಿ ಪ್ರತಿ ಸಲ ಕರೆ ಬರುತ್ತದೆ. "ಅಕ್ಕ, ಪಾಪುಗೆ ಈಗ ಐದು ತಿಂಗಳು. ಕರ್ಕೊಂಡು ಬರಬಹುದಾ?" ಇಲ್ಲಿಯವರೆಗೆ ಸರಿ. ಆಮೇಲೆ ಒಂದು ಮಾತು ಸೇರಿಸುತ್ತಾರೆ, ಅಲ್ಲಿ ನನಗೆ ಬೇಜಾರಾಗುತ್ತದೆ. "ಈಗಿನಿಂದಲೇ ಸಂಗೀತ ಕಿವಿಗೆ ಬೀಳಲಿ ಅಂತ."

ಮಗುವಿನ ಹೆಸರಿನಲ್ಲಿ ಯಾಕೆ ಕೇಳುತ್ತೀರಿ? ಹೊಟ್ಟೆಯಲ್ಲಿರುವಾಗಲೇ, ಆರನೇ ತಿಂಗಳ ಹೊತ್ತಿಗೆ, ಮಗುವಿಗೆ ಸದ್ದು ಕೇಳಿಸಲು ಶುರುವಾಗಿರುತ್ತದೆ. ಹುಟ್ಟುವಷ್ಟರಲ್ಲಿ ಅಮ್ಮನ ದನಿ ಗುರುತು ಸಿಕ್ಕಿರುತ್ತದೆ. ಅದಕ್ಕೆ ಬೇಕಾದ ಸಂಗೀತ ನೀವು ಬಟ್ಟೆ ಮಡಿಸುತ್ತಾ ಗುನುಗಿದರೆ ಸಿಕ್ಕಿಬಿಡುತ್ತದೆ.

ನಮ್ಮ ಜಿಲ್ಲೆಯಾದ್ದರಿಂದ ರುದ್ರಪಟ್ಟಣದ ಉದಾಹರಣೆಯೂ ಬರುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ಊರು. ಕರ್ನಾಟಕ ಸಂಗೀತದ ಗಾಯಕರಾದ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲೇ. ಇನ್ನೊಬ್ಬ ಗಾಯಕರು ಆರ್.ಕೆ. ಪದ್ಮನಾಭ ಅವರ ಊರೂ ಅದೇ, ತಂಬೂರಿಯ ಆಕಾರದಲ್ಲಿ ಸಪ್ತಸ್ವರ ದೇವತಾ ಧ್ಯಾನ ಮಂದಿರ ಇರುವ ಊರು. "ಅಲ್ಲಿನ ಮಕ್ಕಳು ತೊಟ್ಟಿಲಲ್ಲೇ ಕೇಳಿದ್ದಲ್ವಾ" ಅನ್ನುತ್ತಾರೆ. ಹೌದು, ತೊಟ್ಟಿಲಲ್ಲಿ. ಶ್ರೀಕಂಠನ್ ಅವರ ತಂದೆಯೇ ಹರಿಕಥೆ ಮಾಡುತ್ತಿದ್ದವರು. ಅವರಿಗೆ ಸಂಗೀತ ಮನೆಯೊಳಗೇ ಇತ್ತು. ಮನೆಯಲ್ಲಾದರೆ ಅತ್ತ ಮಗುವನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಬಹುದು. ಸುಮ್ಮನಾದ ಮೇಲೆ ಒಳಗೆ ಬಂದು ಕೂರಬಹುದು. ಯಾರೂ ತಲೆ ತಿರುಗಿಸಿ ನೋಡುವುದಿಲ್ಲ.

ತಲೆ ತಿರುಗಿಸಿ ನೋಡಿದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ನನ್ನ ಮಗಳಿಗೆ ಐದು ತಿಂಗಳು ತುಂಬಿತ್ತು. ಇದೇ ಊರಿನ ಒಂದು ಹಾಲ್‌ನಲ್ಲಿ ವೀಣೆ ಕಚೇರಿ ಇತ್ತು. ತವರಿನಲ್ಲಿ ಬಾಣಂತನ ಮುಗಿಸಿ ಬಂದ ಮೇಲೆ, ಚುಚ್ಚುಮದ್ದಿಗೆ ಹೋಗಿದ್ದು ಬಿಟ್ಟರೆ, ಅದೇ ಮೊದಲು ನಾನು ಹೊಸಿಲು ದಾಟಿದ್ದು. ಹಾಲು ಕುಡಿಸಿ, ಡೈಪರ್ ಬದಲಿಸಿ, ಕುಲಾವಿ ಕಟ್ಟಿ, ಎಲ್ಲ ತಯಾರಿ ಮಾಡಿಕೊಂಡೇ ಹೋಗಿದ್ದೆ. ಮೂರನೇ ಸಾಲಿನ ನಡುವೆ ಕೂತೆವು, ಯಾಕೆಂದರೆ ಮದುವೆಗೆ ಮುಂಚಿನಿಂದಲೂ ನಾನು ಕೂರುತ್ತಿದ್ದದ್ದು ಅಲ್ಲೇ. ಶುರುವಿಗೆ ನುಡಿಸುವ ವರ್ಣ ಮುಗಿಯಿತು, ಒಂದು ಕೃತಿ, ಅಂದರೆ ಒಂದು ಹಾಡು, ಮುಗಿಯಿತು, ಮಗಳಿಗೆ ಒಳ್ಳೆ ನಿದ್ದೆ. ಆಮೇಲೆ ತೋಡಿ ರಾಗದ ಆಲಾಪನೆ, ಅಂದರೆ ತಾಳವಿಲ್ಲದೆ ರಾಗವನ್ನು ನಿಧಾನಕ್ಕೆ ಬಿಡಿಸುವ ಭಾಗ, ಶುರುವಾಯಿತು. ಮೃದಂಗದವರು ಕೈ ಬಿಟ್ಟು ಸುಮ್ಮನೆ ಕೂತಿದ್ದಾರೆ. ತಂತಿಯನ್ನು ಒಂದೇ ಸಲ ಮೀಟಿ, ಎಳೆದು, ಆ ಗಾಂಧಾರ ಸ್ವರ ತೂಗುತ್ತಾ ತೂಗುತ್ತಾ ಸಣ್ಣಗಾಗುವುದನ್ನು ಇಡೀ ಹಾಲ್ ಉಸಿರು ಬಿಗಿಹಿಡಿದು ಕೇಳುತ್ತಿದೆ. ಅಷ್ಟರಲ್ಲಿ ನನ್ನ ಮಗಳು ಕಣ್ಣು ಬಿಟ್ಟು "ಆ" ಅಂದಳು.

ಅಳಲಿಲ್ಲ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಅವಳು ಖುಷಿಗೆ ಕೂಗಿದ್ದು. ನಾಲ್ಕರಿಂದ ಆರು ತಿಂಗಳು ಅಂದರೆ ಮಕ್ಕಳು ತಮ್ಮ ಗಂಟಲಿನಿಂದ ಏನೇನು ಸದ್ದು ಬರುತ್ತದೆ ಅಂತ ಆಡಿ ನೋಡುವ ಕಾಲ. ಅಷ್ಟು ಎತ್ತರದ ಹಾಲ್‌ನಲ್ಲಿ ಅವಳ "ಆ" ಅವಳಿಗೇ ವಾಪಸ್ ಕೇಳಿಸಿತು. ಇನ್ನೂ ಖುಷಿಯಾಯಿತು, ಇನ್ನೂ ಜೋರಾಗಿ ಕೂಗಿದಳು. ಮುಂದಿನ ಸಾಲಿನಲ್ಲಿ ಮೂರು ತಲೆ ತಿರುಗಿದವು. ಹಿಂದಿನಿಂದ ಒಬ್ಬರು ಹಿರಿಯರು, "ಆಚೆ ಎತ್ಕೊಂಡು ಹೋಗಮ್ಮ, ಇಷ್ಟೂ ಗೊತ್ತಾಗಲ್ವಾ" ಅಂದರು. ಒಂಬತ್ತು ಜನರ ಮೊಣಕಾಲು ದಾಟಿಕೊಂಡು ಹೊರಗೆ ಬಂದೆ. ಬಾಗಿಲು ಮುಚ್ಚಿತು.

ಐದೇ ನಿಮಿಷಕ್ಕೆ ಮಗಳು ಸುಮ್ಮನಾದಳು. ಒಳಗೆ ಹೋಗಲು ಬಂದೆ. ಬಾಗಿಲಲ್ಲಿ ನಿಂತಿದ್ದವರು, "ಬೇಡಮ್ಮ, ಮತ್ತೆ ಶುರು ಮಾಡುತ್ತೆ" ಅಂದರು. ಮೆಟ್ಟಿಲ ಮೇಲೆ ಕೂತೆ. ಮುಚ್ಚಿದ ಬಾಗಿಲು ತೆಳು ಸದ್ದನ್ನು ನುಂಗಿಕೊಂಡು ದಪ್ಪ ಸದ್ದನ್ನು ಮಾತ್ರ ಹೊರಗೆ ಬಿಡುತ್ತದೆ. ಹಾಗಾಗಿ ಒಂದೂವರೆ ಗಂಟೆ ನನಗೆ ಕೇಳಿಸಿದ್ದು ಮೃದಂಗದ ಎಡಗೈ ಮಾತ್ರ. ಗುಂ, ಗುಂ. ವೀಣೆಯ ಒಂದು ಎಳೆಯೂ ಇಲ್ಲ. ಮಂಗಳ ಆಯಿತು, ಜನ ಹೊರಗೆ ಬಂದರು, ಅವರ ಜೊತೆ ನಮ್ಮ ಯಜಮಾನರೂ ಬಂದರು. ಆಟೋದಲ್ಲಿ ಕೂತ ಮೇಲೆ ಅವರು ಹೇಳಿದ್ದು ಒಂದೇ ಮಾತು: "ತನಿ ತುಂಬಾ ಚೆನ್ನಾಗಿತ್ತು ಕಣೇ." ತನಿ ಅಂದರೆ ವೀಣೆ ನಿಲ್ಲಿಸಿ ಮೃದಂಗವನ್ನಷ್ಟೇ ನುಡಿಸುವ ಭಾಗ.

ಎಂಟು ವರ್ಷ ವೀಣೆ ಕಲಿತವಳು ನಾನು. ಕಚೇರಿಗೆ ಹೋಗೋಣ ಅಂದವಳೂ ನಾನು. ಅವರು ಕೆಟ್ಟವರಲ್ಲ, ರಾತ್ರಿ ಎಷ್ಟೋ ಸಲ ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡಾಡಿದ್ದಾರೆ. ಆದರೆ ಅವತ್ತು ಎದ್ದು ಹೋಗುವವರು ತಾವೂ ಆಗಬಹುದು ಅಂತ ಅವರಿಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಅದಕ್ಕೇ ಮಗುವಿಗೆ ಸಂಗೀತ ಕೇಳಿಸಬೇಕು ಅಂದಾಗ ನನಗೆ ಒಂಥರಾ ಆಗುವುದು. ನಿಮಗೆ ಕೇಳಬೇಕು ಅನಿಸಿದೆ. ಹಾಗಂತ ಹೇಳಿ. ಐದು ತಿಂಗಳಿಂದ ಮನೆಯಲ್ಲೇ ಇದ್ದೀನಿ ಅಕ್ಕ, ಎರಡು ಗಂಟೆ ವೀಣೆ ಕೇಳಬೇಕು ಅನಿಸಿದೆ, ಏನು ಮಾಡಲಿ ಅಂತ ಕೇಳಿ. ಆ ಪ್ರಶ್ನೆಗೆ ನಾನು ಅರ್ಧ ಗಂಟೆ ಬೇಕಾದರೂ ಫೋನಿನಲ್ಲಿ ಮಾತಾಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಫೋನ್ ಮಾಡಿ ಮಗುವಿನ ಬಗ್ಗೆ ವಿಚಾರಿಸಿದ ಅಪ್ಪಂದಿರು ಇಬ್ಬರೇ ಇಬ್ಬರು.

ಈಗ ವಿಷಯಕ್ಕೆ ಬರುತ್ತೇನೆ. ಮಗು ಸದ್ದು ಮಾಡಿದರೆ ಕಚೇರಿ ಕೆಡುವುದಿಲ್ಲ ಅಂತ ನಾನು ಹೇಳುವುದಿಲ್ಲ. ಕೆಡುತ್ತದೆ. ಆಲಾಪನೆ ಬರೆದಿಟ್ಟುಕೊಂಡು ನುಡಿಸುವುದಲ್ಲ, ಆ ಹೊತ್ತಿಗೆ ಹುಟ್ಟುವುದು. ಕಡಿದುಹೋದರೆ ಅದೇ ಮತ್ತೆ ಬರುವುದಿಲ್ಲ. ಆದರೆ ಮೊದಲನೇ "ಆ"ಗೆ ಏನೂ ಆಗುವುದಿಲ್ಲ. ಕೆಡಿಸುವುದು ಆಮೇಲಿನ ಎರಡು ನಿಮಿಷ, ಅಂದರೆ ಈಗ ಸುಮ್ಮನಾಗುತ್ತೆ ಈಗ ಸುಮ್ಮನಾಗುತ್ತೆ ಅಂತ ಅಪ್ಪ ಅಮ್ಮ ಕಾಯುವ ಹೊತ್ತು. ಶ್ ಶ್ ಅನ್ನುವುದು, ಬೀಗದ ಕೈ ಗೊಂಚಲು ಆಡಿಸುವುದು, ಬ್ಯಾಗಿನ ಜಿಪ್ ಎಳೆಯುವುದು, ಇವೇ ಮಗುವಿಗಿಂತ ಜಾಸ್ತಿ ಸದ್ದು. ಕಾಯಬೇಡಿ. ಮೊದಲ ಸದ್ದಿಗೇ ಎದ್ದುಬಿಡಿ. ಯಾರು ಏಳುವುದು ಅಂತ ಮನೆಯಲ್ಲೇ ಮಾತಾಡಿಕೊಂಡು ಬನ್ನಿ, ಕೃತಿಗೊಬ್ಬರಂತೆ ಸರದಿ ಹಾಕಿಕೊಂಡರೂ ಸರಿ. ಬಾಗಿಲ ಪಕ್ಕದ ಕೊನೇ ಸಾಲಿನಲ್ಲಿ ಕೂರಿ. ಚಪ್ಪಾಳೆ ಬೀಳುವಾಗ ವಾಪಸ್ ಒಳಗೆ ಬನ್ನಿ.

ಹದಿನಾಲ್ಕು ವಾರದ ಚುಚ್ಚುಮದ್ದು ಆಗುವವರೆಗೆ ಬರಬೇಡಿ, ಹಾಲ್‌ನಲ್ಲಿ ಕೆಮ್ಮುವವರು ಇದ್ದೇ ಇರುತ್ತಾರೆ. ಅಷ್ಟು ಎಳೆ ಮಕ್ಕಳು ಚಪ್ಪಾಳೆಗೂ ಬೆಚ್ಚಿಬಿದ್ದು ಕೈ ಅಗಲಿಸುತ್ತವೆ, ಪಾಪ. ಡಿಸೆಂಬರ್ ಕಚೇರಿಯಾದರೆ ಇನ್ನೊಂದು ಹೊದಿಕೆ ಇರಲಿ, ನಮ್ಮ ಊರಿನ ರಾತ್ರಿ ಚಳಿ ಗೊತ್ತಲ್ವಾ.

ನಾನು ಬೇಡ ಅನ್ನುವುದು ದೊಡ್ಡ ದೊಡ್ಡ ಸ್ಪೀಕರ್ ಇಡುವ ಆರ್ಕೆಸ್ಟ್ರಾಗಳಿಗೆ. ವಿಚಿತ್ರ ನೋಡಿ, ಅಲ್ಲಿಗೆ ಮಾತ್ರ ಯಾರೂ ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅತ್ತರೂ ಯಾರಿಗೂ ಕೇಳಿಸುವುದಿಲ್ಲ ಅಂತ. ಎಳೆ ಮಗುವಿನ ಕಿವಿಯ ದಾರಿ ಸಣ್ಣದು, ಕೀರಲು ಸದ್ದು ಅಲ್ಲಿ ನಮ್ಮ ಕಿವಿಗಿಂತ ಜೋರಾಗುತ್ತದೆ. ಹತ್ತಿ ಇಟ್ಟರೆ ಹೆಚ್ಚೇನೂ ತಡೆಯುವುದಿಲ್ಲ. ಹೋಗಲೇಬೇಕು ಅಂದರೆ ಮಕ್ಕಳ ಇಯರ್‌ಮಫ್ ಹಾಕಿ, ಸ್ಪೀಕರಿನಿಂದ ದೂರ ನಿಲ್ಲಿ.

ಮಕ್ಕಳಿದ್ದರೆ ನಾವು ಬರುವುದಿಲ್ಲ ಅಂತ ನನ್ನ ಹತ್ತಿರ ದೂರು ಹೇಳುವವರೂ ಇದ್ದಾರೆ. ಅವರಿಗೂ ಇಲ್ಲೇ ಉತ್ತರ. ಮೊಬೈಲ್ ರಿಂಗ್ ಆದವರನ್ನು, ತಾಳ ಹಾಕುತ್ತಾ ಪಕ್ಕದವರಿಗೆ ರಾಗದ ಹೆಸರು ಹೇಳುವವರನ್ನು ನಾವು ಒಂದು ದಿನವೂ ಹೊರಗೆ ಕಳಿಸಿಲ್ಲ. ಮಗುವಿನ ತಾಯಿ ತಾನಾಗಿಯೇ ಎದ್ದು ಹೋಗುತ್ತಾಳೆ. ಅವಳನ್ನು ಒಂದು ಕ್ಷಣ ನೋಡದೆ ಇರಿ, ಸಾಕು.

ಕಳೆದ ಸಲ ಒಬ್ಬಳು ಹುಡುಗಿ ಏಳು ತಿಂಗಳ ಮಗುವನ್ನು ಎತ್ತಿಕೊಂಡು ಒಬ್ಬಳೇ ಬಂದಿದ್ದಳು. ಗಂಡನಿಗೆ ಸಕಲೇಶಪುರದ ಕಡೆ ಕೆಲಸ, ಬರಲು ಆಗಲಿಲ್ಲವಂತೆ. ಬಂದವಳೇ ಕೇಳಿದಳು, "ಅಕ್ಕ, ನಾನು ಎದ್ದು ಹೊರಗೆ ಹೋದರೆ ಮತ್ತೆ ಒಳಗೆ ಬಿಡ್ತೀರಾ?" ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಗಂಟಲು ಕಟ್ಟಿತು. ಎಷ್ಟು ಸಲ ಬೇಕಾದರೂ ಬಾರಮ್ಮ ಅಂದೆ.

ಎರಡನೇ ಕೃತಿಗೆ ಮಗು ಕೊಸರಾಡಲು ಶುರು ಮಾಡಿತು, ಅವಳು ತಕ್ಷಣ ಎದ್ದು ಬಂದಳು. ಮಗುವನ್ನು ನನ್ನ ಕೈಗೆ ಕೊಡು, ನೀನು ಒಳಗೆ ಹೋಗು ಅಂದೆ. ಅನುಮಾನಿಸಿದಳು. ಮಗು ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಕರಪತ್ರ ಕಿತ್ತುಕೊಂಡು ಬಾಯಿಗೆ ಇಡಲು ನೋಡುತ್ತಿತ್ತು. ಅವಳು ಹೋಗಿ ಕೂತಳು. ನಾನು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊರಗೆ ನಿಂತೆ. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ, ಒಂದು ಗೇಣು ಬಿಟ್ಟಿದ್ದೆ.