ಊರ ಲೈಬ್ರರಿ ಪ್ರಾಜೆಕ್ಟ್: ಫ್ಯಾನ್ ಆಯ್ತು, ಈಗ ಟಾಯ್ಲೆಟ್ಟು

ಹೋದ್ ಸಲ ಬರ್ದಿದ್ನಲ್ಲ, ಊರಿನ ಹುಡ್ಗೀರೆಲ್ಲ ಸೇರಿ ತಿಂಗ್ಳಿಗೆ ನೂರ್ ನೂರು ಹಾಕಿ ಪಂಚಾಯ್ತಿ ಲೈಬ್ರರಿಗೆ ಏನಾದ್ರೂ ಮಾಡ್ತಿದೀವಿ ಅಂತ, ಅದು ನಿಂತಿಲ್ಲ. ಫ್ಯಾನ್ ಬಂತು, ಟ್ಯೂಬ್‌ಲೈಟ್ ಬಂತು, ಎಫ್‌ಡಿಎ ಎಸ್‌ಡಿಎ ಅಂತ ಸರ್ಕಾರಿ ಗುಮಾಸ್ತರ ಕೆಲ್ಸದ ಎಕ್ಸಾಮ್‌ಗೆ ಓದೋರಿಗೆ ಒಂದಷ್ಟು ಬುಕ್ಸೂ ಬಂತು. ಗುಂಪಲ್ಲಿ ಡಿಗ್ರಿ ಓದೋರೇ ಜಾಸ್ತಿ, ಇಬ್ರು ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾರೆ, ತಪ್ದೆ ಮೊದ್ಲು ಫೋನ್‌ಪೇ ಮಾಡೋದೂ ಅವ್ರೇ.

ಆದ್ರೆ ಹುಡ್ಗೀರು ಬಂದು ಒಂದ್ ಗಂಟೆಗೆಲ್ಲ ಎದ್ ಹೋಗ್ತಿದ್ರು, ಯಾಕಂದ್ರೆ ಅಲ್ಲಿ ಟಾಯ್ಲೆಟ್ ಇಲ್ಲ. ಅದನ್ನ ನಮ್ಮ ನೂರ್ ರೂಪಾಯಲ್ಲಿ ಕಟ್ಸೋಕಾಗಲ್ಲ, ಕಟ್ಸಲೂಬಾರ್ದು ಅನ್ನೋದು ನನ್ನ ವಾದ.

ಈ ಮಾತು ನಡೀತಿರೋವಾಗ್ಲೇ ಒಬ್ಳು ಅವ್ರಜ್ಜಿ ಮನೆ ಕಂದಾಯದ ರಸೀದಿ ಫೋಟೋ ಗ್ರೂಪಿಗೆ ಹಾಕಿದ್ಲು. ನೋಡಿದ್ರೆ ತೆರಿಗೆ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3! ಅಜ್ಜಿಗೆ ಓದೋಕ್ ಬರಲ್ಲ, ಆದ್ರೂ ಇಷ್ಟ್ ವರ್ಷದಿಂದ ಲೈಬ್ರರಿಗೆ ದುಡ್ ಕಟ್ತಾನೇ ಇದಾರೆ, ದಾನಿಗಳ ಲಿಸ್ಟಲ್ಲಿ ನಮಗಿಂತ ಮೇಲೆ ಅವ್ರ ಹೆಸ್ರೇ ಇರ್ಬೇಕು.

ಆ ರಸೀದಿ ಹಿಡ್ಕೊಂಡೇ ಟಾಯ್ಲೆಟ್ ಕೇಳೋಕೆ ಗ್ರಾಮಸಭೆಗೆ ಹೋದ್ವಿ. 18 ತುಂಬಿ ವೋಟರ್ ಲಿಸ್ಟಲ್ಲಿ ಹೆಸ್ರಿದ್ರೆ ಸಾಕು, ಮಾತಾಡೋಕೆ ಯಾರ ಪರ್ಮಿಷನ್ನೂ ಬೇಡ, ಆದ್ರೂ "ನಿಮ್ಮಪ್ಪ ಬಂದಿಲ್ವೇನಮ್ಮ" ಅಂತ ಒಬ್ರು ಕೇಳೇ ಕೇಳಿದ್ರು. ನಮ್ಮ ವಾರ್ಡಿನ ಮೆಂಬರ್ ಅಕ್ಕ ಪಕ್ಕದಲ್ಲೇ ಕೂತಿದ್ರು, ಉತ್ತರ ಕೊಟ್ಟಿದ್ದು ಅವ್ರ ಯಜಮಾನ್ರು. 1987ರ ಮಂಡಲ ಪಂಚಾಯ್ತಿ (ಈಗಿನ ಗ್ರಾಮ ಪಂಚಾಯ್ತಿಗಿಂತ ಮುಂಚಿನದು) ಎಲೆಕ್ಷನ್‌ನಲ್ಲೇ ಹೆಂಗಸ್ರಿಗೆ ನಾಲ್ಕನೇ ಒಂದು ಭಾಗ ಸೀಟ್ ಇಟ್ಟ ರಾಜ್ಯ ಇದು, ಈಗಂತೂ ಅರ್ಧಕ್ಕರ್ಧ, ಮೈಕು ಮಾತ್ರ ಇನ್ನೂ ಅವ್ರ ಕೈಗೆ ಬಂದಿಲ್ಲ. ಕೊನೆಗೆ ನಾವು ಸೀದಾ ಅಕ್ಕನ್ನೇ ಕೇಳಿದ್ವಿ, ಅವ್ರು ಎದ್ದು ನಿಂತು "ಬರ್ಕೊಳಿ, ಇದು ಆಗ್ಬೇಕು" ಅಂದ್ರು. ಎರಡೇ ಮಾತು. ಆದ್ರೆ ನಡಾವಳಿ ಪುಸ್ತಕಕ್ಕೆ ಹೋಯ್ತು, ಅರ್ಜಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಹೊರಗ್ ಬಂದಿದ್ದು.

ಇನ್ನ ಪಂಚಾಯ್ತಿ ವರ್ಷದ ಕೆಲ್ಸಗಳ ಪಟ್ಟಿ, ಅಂದ್ರೆ ಕ್ರಿಯಾ ಯೋಜನೇಲಿ ಸೇರುತ್ತಾ ಇಲ್ವಾ ನೋಡ್ಬೇಕು, ಸಭೇಲಿ ಹೂಂ ಅಂದಿದ್ದೆಲ್ಲ ಅಲ್ಲಿವರ್ಗೂ ಬರೋದಿಲ್ಲ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಕೇಳೋ ಕೆಲ್ಸ ರಸೀದಿ ತಂದವಳಿಗೇ ಕೊಟ್ಟಿದೀವಿ. ಅವಳಿಗೆ ಮುಂದಿನ್ ವರ್ಷ 21, ಪಂಚಾಯ್ತಿಗೆ ನಿಲ್ಲೋ ಆಸೆ ಬೇರೆ. ಅಷ್ಟ್ರಲ್ಲಿ ಮದ್ವೆ ಮಾಡಿ ಕಳ್ಸಿಬಿಟ್ರೆ ವೋಟೂ ಗಂಡನ ಊರಿಗೆ ಹೋಗುತ್ತೆ, ಹಿಂಗೇ ಈಗಾಗ್ಲೇ ಇಬ್ರನ್ನ ಕಳ್ಕೊಂಡಿದೀವಿ. ಅದ್ರಲ್ಲಿ ಒಬ್ಳು ಅಲ್ಲೇ ಇಂಥದ್ದೊಂದು ಗುಂಪು ಮಾಡ್ತೀನಿ, ಲೆಕ್ಕದ ಶೀಟ್ ಕಳ್ಸಿ ಅಂದಿದಾಳೆ. ಇವತ್ತು ಕಳಿಸ್ದೆ.