ಯಾರ ಹತ್ರ ಮಾತಾಡ್ತಿದ್ದೀಯಾ?

"ಅಪ್ಪಾ, ಇಲ್ಲಿ ಯಾರ ಹತ್ರ ಮಾತಾಡ್ತಿದ್ದೀಯಾ?"

ಹೋದ ಮಂಗಳವಾರ ರಾತ್ರಿ ಮಗಳು ಕೇಳಿದ್ದು. ಕೈಯಲ್ಲಿ ಮೊಬೈಲ್. ಅದರಲ್ಲಿ ನಮ್ಮ ನಡುಮನೆ, ನಡುಮನೆಯಲ್ಲಿ ನಾನು, ಮಾತಿಲ್ಲದ ಮ್ಯಾಜಿಕ್ಕಿನ ಪ್ರಾಕ್ಟೀಸ್. ಏಳು ನಿಮಿಷ ಪಿಟ್ ಅಂದಿಲ್ಲ ಅಂತ ಬೀಗುತ್ತಾ ಕೂತಿದ್ದೆ. ಅವಳು ಎರಡು ಬೆರಳಲ್ಲಿ ನನ್ನ ಮುಖ ಹಿಗ್ಗಿಸಿ ತೋರಿಸಿದಳು. ತುಟಿ ಅಲ್ಲಾಡುತ್ತಿತ್ತು. ನಾಣ್ಯ ಸಿಕ್ಕಾಗ 'ಅರೆ!', ಚೊಂಬಿಗೆ ಹಾಕುವಾಗ 'ನೋಡಿ ಸ್ವಾಮಿ', ಇನ್ನೊಂದು ಸಿಕ್ಕಾಗ 'ಬಂತು ಬಂತು'. ದನಿ ಇರಲಿಲ್ಲ ಅಷ್ಟೆ. ಮ್ಯೂಟ್ ಮಾಡಿದ ಟಿವಿ ಥರ.

ನಾನು ಮ್ಯಾಜಿಕ್ ಶುರು ಮಾಡಿ 19 ವರ್ಷ ಆಯಿತು. ಹೊಟ್ಟೆಪಾಡಿಗೆ ಸೊಸೈಟಿಯ ಕೌಂಟರ್ ಇದೆ, ಮ್ಯಾಜಿಕ್ ಏನಿದ್ದರೂ ಭಾನುವಾರದ್ದು. ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ, ಗಣಪತಿ. ಜನರಿಗೆ ನೆನಪಿರುವುದು ನನ್ನ ಕೈಚಳಕ ಅಲ್ಲ, ಬಾಯಿ. ಛೂ ಮಂತ್ರಕಾಳಿ ಅಂತ ಶುರು ಮಾಡಿದರೆ ಮುಗಿಯುವವರೆಗೆ ಬಾಯಿಗೆ ಬಿಡುವಿಲ್ಲ. ಈ ಸಲ ನಮ್ಮ ಬಡಾವಣೆಯ ಗಣಪತಿಗೆ ಮಾತೇ ಇಲ್ಲದ ಐಟಂ ಮಾಡ್ತೀನಿ ಅಂದಾಗ ಸಮಿತಿಯ ಕಾರ್ಯದರ್ಶಿ ಮುಖ ಸಪ್ಪೆ ಮಾಡಿಕೊಂಡರು. "ಜನ ಎದ್ದು ಹೋಗ್ತಾರೆ ಸರ್. ಕೊನೇಲಿ ಎರಡು ಜೋಕಾದ್ರೂ ಹೇಳಿಬಿಡಿ." ಒಳ್ಳೆಯ ಮನುಷ್ಯ. ಆದರೆ ಪ್ರಸಾದ ಹಂಚುವಾಗಲೂ ಮೈಕು ಬಿಡದ ಆಸಾಮಿ.

ಈ ಹುಚ್ಚು ಹತ್ತಿದ್ದು ಕಾರ್ಡಿನಿಯ ಹಳೆಯ ಕಪ್ಪುಬಿಳುಪು ರೀಲು ನೋಡಿ. ವೇಲ್ಸ್ ದೇಶದವನು, ನೂರು ವರ್ಷದ ಹಿಂದೆ ಹೆಸರು ಮಾಡಿದವನು. ಒಂದು ಕಣ್ಣಿಗೆ ಕನ್ನಡಕದ ಗಾಜು, ಸ್ವಲ್ಪ ಕುಡಿದ ದೊಡ್ಡ ಮನುಷ್ಯನ ವೇಷ. ಅವನ ಬೆರಳಲ್ಲಿ ಇಸ್ಪೀಟ್ ಎಲೆಗಳು ತಾವಾಗಿಯೇ ಹುಟ್ಟುತ್ತವೆ. ಬೇಡ ಅಂತ ಬಿಸಾಕಿದರೂ ಮತ್ತೆ ಬರುತ್ತವೆ. ಮ್ಯಾಜಿಕ್ ಅವನು ಮಾಡುವುದಿಲ್ಲ, ಅದು ಅವನಿಗೆ ಗಂಟುಬಿದ್ದಿರುತ್ತದೆ. ಹಾಗಾಗಿ ಅವನು ವಿವರಿಸುವ ಅಗತ್ಯವೇ ಇಲ್ಲ, ಪಾಪ, ಅವನಿಗೇ ಅರ್ಥವಾಗಿಲ್ಲ! ಅಮೆರಿಕದಲ್ಲಿ ಟೆಲ್ಲರ್ ಅಂತ ಇನ್ನೊಬ್ಬರಿದ್ದಾರೆ. ಹೆಸರಿನ ಅರ್ಥ ಹೇಳುವವನು ಅಂತ, ವೇದಿಕೆ ಮೇಲೆ ತುಟಿ ಬಿಚ್ಚುವುದಿಲ್ಲ. ಇವರನ್ನು ನೋಡಿ ನೋಡಿ, ನನಗೂ ಒಬ್ಬ ಮನುಷ್ಯ ಬೇಕು ಅನ್ನಿಸಿತು. ಕನ್ನಡಕದ ಗಾಜು ಹಾಕಿಕೊಂಡರೆ ಹಾಸನದಲ್ಲಿ ನಾಯಿ ಬೊಗಳುತ್ತದೆ.

ಸಿಕ್ಕಿದವನು ಬಸ್ಸಿನ ಪ್ರಯಾಣಿಕ. ಸಂತೆಯಲ್ಲಿ ಹಿತ್ತಾಳೆ ಚೊಂಬು ತಗೊಂಡು ಊರಿಗೆ ಹೊರಟಿದ್ದಾನೆ. ಕಂಡಕ್ಟರು ಟಿಕೆಟ್ಟಿನ ಹಿಂದೆ 5 ಅಂತ ಬರೆದು ಸುತ್ತು ಹಾಕಿ ಕೊಟ್ಟಿದ್ದಾರೆ. ಚಿಲ್ಲರೆ ಬಾಕಿ. ಆಮೇಲೆ ಗಾಳಿಯಲ್ಲಿ, ಕಂಬದ ತುದಿಯಲ್ಲಿ, ಕಾಲರಿನಲ್ಲಿ, ಎಲ್ಲಿ ಕೈ ಹಾಕಿದರೂ ನಾಣ್ಯ. ಎಲ್ಲಾ ಚೊಂಬಿಗೆ ಹಾಕುತ್ತಾನೆ. ಸ್ಟಾಪ್ ಬಂದಾಗ ಚೊಂಬು ಬಗ್ಗಿಸಿದರೆ ಖಾಲಿ. ಕೈಗೆ ಚೊಂಬು. ಮಾತೇ ಬೇಡ, ಅಲ್ವಾ?

ಗಾಳಿಯಲ್ಲಿ ನಾಣ್ಯ ಹಿಡಿಯುವುದು ಬಹಳ ಹಳೆಯ ಐಟಂ. ಅಮೆರಿಕದ ನೆಲ್ಸನ್ ಡೌನ್ಸ್ ಅದನ್ನೇ ಮಾಡಿ ನಾಣ್ಯಗಳ ರಾಜ ಅನ್ನಿಸಿಕೊಂಡರು. ಅಲ್ಲಿನವರ ಅರ್ಧ ಡಾಲರ್ ಅಂಗೈ ತುಂಬುವಷ್ಟು ದೊಡ್ಡದು, 30 ಮಿಲಿಮೀಟರ್ ಮೇಲಿದೆ. ನಮ್ಮ ಹತ್ತು ರೂಪಾಯಿಯದು 27. ಅಂಗಡಿಯವರು ಬೇಡ ಅಂತ ವಾಪಸ್ ಕೊಟ್ಟ ಹತ್ತರ ನಾಣ್ಯಗಳೆಲ್ಲ ನನ್ನ ಹತ್ತಿರ ಸೇರಿದವು. ಅವನ್ನು ಅಂಗೈಯಲ್ಲಿ ಹೇಗೆ ಇಟ್ಟುಕೊಳ್ಳುತ್ತೇನೆ ಅಂತ ಕೇಳಬೇಡಿ. ಚೊಂಬು ಹೇಗೆ ಖಾಲಿಯಾಗುತ್ತದೆ ಅಂತ ನನ್ನ ಹೆಂಡತಿಗೂ ಹೇಳಿಲ್ಲ. ಚೊಂಬು ಅವಳದೇ. ಪ್ಲಾಸ್ಟಿಕ್ ಬಕೆಟ್‌ನಲ್ಲೂ ನೋಡಿದ್ದೆ, ಟಪ್ ಅನ್ನುತ್ತದೆ. ಹಿತ್ತಾಳೆ ಟಣ್ ಅನ್ನುತ್ತದೆ. ಮಾತಿಲ್ಲದ ಐಟಂನಲ್ಲಿ ಆ ಟಣ್ ಒಂದೇ ಡೈಲಾಗ್. ಕೊನೆ ಬೆಂಚಿನವನಿಗೂ ಕೇಳಬೇಕು.

ಇಷ್ಟೆಲ್ಲ ಹೊಂದಿಸಿ, ಮೈಕಿಲ್ಲದ ಮೈಕ್ ಸ್ಟ್ಯಾಂಡನ್ನು ಬಸ್ಸಿನ ಕಂಬ ಮಾಡಿಕೊಂಡು ಪ್ರಾಕ್ಟೀಸ್ ಮಾಡಿದ್ದು. ಕೊನೆಗೆ ಮಗಳ ಪ್ರಶ್ನೆ. ಯಾರ ಹತ್ರ ಮಾತಾಡ್ತಿದ್ದೀಯಾ?

ಬುಧವಾರ ಬಾಯಲ್ಲಿ ನೀರು ತುಂಬಿಕೊಂಡು ಪ್ರಾಕ್ಟೀಸ್ ಮಾಡಿದೆ. ಅದೂ ಅವಳದೇ ಐಡಿಯಾ. ಎರಡನೇ ನಾಣ್ಯಕ್ಕೇ 'ಅರೆ' ಅಂದು ಅಂಗಿ ಒದ್ದೆ.

ಯೋಚನೆ ಮಾಡಿದರೆ ಕಾರಣ ಗೊತ್ತಾಗುತ್ತದೆ. ಇಷ್ಟು ವರ್ಷ ಕೈ ತಪ್ಪಿದಾಗಲೆಲ್ಲ ಬಾಯಿ ಕಾಪಾಡಿದೆ. ನಾಣ್ಯ ಬಿದ್ದರೆ ಒಂದು ಜೋಕು. ಬಲಗೈಲಿ ಕಳ್ಳತನ ನಡೆಯುವಾಗ ಎಡಗೈ ಬಗ್ಗೆ ಭಾಷಣ. ಮಾತು ತೆಗೆದರೆ ಉಳಿಯುವುದು ಕಣ್ಣು. ನಾನು ಎಲ್ಲಿ ನೋಡುತ್ತೇನೋ ಜನ ಅಲ್ಲಿ ನೋಡುತ್ತಾರೆ. ನಾನು ಭಯಪಟ್ಟು ಬಲಗೈ ನೋಡಿದರೆ ಇಡೀ ಬಡಾವಣೆ ಬಲಗೈ ನೋಡುತ್ತದೆ. ಚುಂಗ್ ಲಿಂಗ್ ಸೂ ಅಂತ ಒಬ್ಬ ಜಾದೂಗಾರನಿದ್ದ. ಚೀನಾದವನ ವೇಷ, ನಿಜದಲ್ಲಿ ಅಮೆರಿಕದವನು. ಗುಟ್ಟು ಬಯಲಾಗಬಾರದು ಅಂತ ವೇದಿಕೆ ಮೇಲೆ ಇಂಗ್ಲಿಷ್ ಮಾತಾಡುತ್ತಲೇ ಇರಲಿಲ್ಲ. 1918ರಲ್ಲಿ ಲಂಡನ್ನಿನಲ್ಲಿ ಬಂದೂಕಿನ ಗುಂಡು ಹಿಡಿಯುವ ಐಟಂ ಕೈಕೊಟ್ಟು ಎದೆಗೆ ಗುಂಡು ಬಿದ್ದಾಗ, ಪರದೆ ಇಳಿಸಿ ಅಂತ ಇಂಗ್ಲಿಷಿನಲ್ಲೇ ಕೂಗಿದ. ಮಾರನೇ ದಿನ ತೀರಿಕೊಂಡ. ಅವನಿಗೆ ಬಾಯಿ ಬಿಡಿಸಲು ಗುಂಡು ಬೇಕಾಯಿತು. ನನಗೆ ಹತ್ತು ರೂಪಾಯಿ ಸಾಕು.

ಅಪ್ಪ ಇದನ್ನೆಲ್ಲ ಮೂಲೆಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅಪ್ಪ ಸರ್ಕಾರಿ ಬಸ್ಸಿನಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವರು. ದಿನವಿಡೀ ಕೂಗಿ ಬರುತ್ತಿದ್ದರು, ಮನೆಯಲ್ಲಿ ಮಾತಿಲ್ಲ. ಚಿಕ್ಕವನಿದ್ದಾಗ ಅವರ ಪಂಚು ನನ್ನ ಆಟದ ಸಾಮಾನು. ಈ ಐಟಂ ಅವರಿಗೆ ಹಿಡಿಸಿಲ್ಲ ಅಂತ ಮೊದಲ ದಿನವೇ ಗೊತ್ತಾಗಿತ್ತು. "ಐದು ರೂಪಾಯಿ ಉಳಿಸಿಕೊಂಡು ಮನೆ ಕಟ್ಟಿದ ಕಂಡಕ್ಟರ್ ಯಾರೂ ಇಲ್ಲ" ಅಂದಿದ್ದರು ಒಂದು ಸಲ, ಗೋಡೆಗೆ ಹೇಳಿದ ಹಾಗೆ. ಅದು ನಿಜವೇ. ತಪಾಸಣೆಯವರು ಹತ್ತಿ ಚೀಲ ಎಣಿಸಿದಾಗ ಲೆಕ್ಕಕ್ಕಿಂತ ಕಮ್ಮಿ ಇದ್ದರೂ ಕೇಸು, ಜಾಸ್ತಿ ಇದ್ದರೂ ಕೇಸು. ಇದು ಕಂಡಕ್ಟರ ಮಕ್ಕಳಿಗೆ ಮಾತ್ರ ಗೊತ್ತಿರುವ ವಿಷಯ. ಆದರೂ ತಮಾಷೆಗೆ ಕಂಡಕ್ಟರನ್ನೇ ಕಳ್ಳ ಮಾಡಿದ್ದೆ. ಯಾಕೆ ಅಂದರೆ ಜನ ನಗುತ್ತಾರೆ.

ಗುರುವಾರ ಸಂಜೆ ಅಪ್ಪ ಎದ್ದು ಬಂದರು. ನನ್ನ ಕೈಯಿಂದ ಟಿಕೆಟ್ ತಗೊಂಡರು. ಜನರಿಗೆ ಕಾಣಲಿ ಅಂತ ಮಗಳು ರಟ್ಟಿನಲ್ಲಿ ಅಂಗೈಯಗಲ ಕತ್ತರಿಸಿದ ಟಿಕೆಟ್. ಎಡಗೈಗೆ ಚೊಂಬು ತಗೊಂಡರು. ಬಲಗೈಯಲ್ಲಿ ಮೈಕ್ ಸ್ಟ್ಯಾಂಡ್ ಹಿಡಿದರು. ಟಿಕೆಟ್ ಇಡಲು ಜಾಗ ಇಲ್ಲ. ಅದನ್ನು ತುಟಿಗಳ ನಡುವೆ ಕಚ್ಚಿಕೊಂಡರು. ಸ್ವಲ್ಪ ಮೊಣಕಾಲು ಬಗ್ಗಿಸಿ ಬಸ್ಸು ಹಳ್ಳಕ್ಕಿಳಿದ ಹಾಗೆ ಒಂದು ಸಲ ಜೋಲಿ ಹೊಡೆದರು. ಅಷ್ಟೆ. ಎಲ್ಲವನ್ನೂ ನನ್ನ ಕೈಗೆ ವಾಪಸ್ ಕೊಟ್ಟು ಕುರ್ಚಿಗೆ ಹೋದರು.

ನಾನು ಬಾಯಿ ತೆರೆದು ನಿಂತಿದ್ದೆ. 31 ವರ್ಷ ಇಂಥ ಸಾವಿರಾರು ಜನರನ್ನು ನೋಡಿದವರು. ಎರಡು ಕೈಯೂ ತುಂಬಿದವನು ಟಿಕೆಟ್ ಎಲ್ಲಿಡುತ್ತಾನೆ? ಬಾಯಲ್ಲಿ. ಬಾಯಲ್ಲಿ ಟಿಕೆಟ್ ಇದ್ದರೆ ತುಟಿ ಅಲ್ಲಾಡಿಸುವ ಹಾಗಿಲ್ಲ. ಮೇಲಾಗಿ ಆ 5 ಯಾವಾಗಲೂ ಜನರ ಕಣ್ಣಿಗೆ ನೇರ. ನಾನು ಮೂರು ವಾರ ಒದ್ದಾಡಿದ್ದನ್ನು ಅರ್ಧ ನಿಮಿಷದಲ್ಲಿ ಮುಗಿಸಿದರು.

ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ. ಅಪ್ಪನ ಜೊತೆ ಮಾತು ಅಂದರೆ ನಮ್ಮ ಮನೆಯಲ್ಲಿ ನಾನು ಮಾತಾಡುವುದು. ಮಳೆ, ಬಿಪಿ ಮಾತ್ರೆ, ಸೊಸೈಟಿಯ ಚುನಾವಣೆ. ಅವರು 'ಹೂಂ' ಅನ್ನುತ್ತಾರೆ. ಅವರಿಗೆ ಹೇಳಲು ಏನೂ ಇಲ್ಲ ಅಂತ ಅಂದುಕೊಂಡಿದ್ದೆ. ನಾನು ಜಾಗ ಬಿಟ್ಟಿದ್ದೆನಾ? ಬಾಯಲ್ಲಿ ಟಿಕೆಟ್ ಕಚ್ಚಿದಾಗಿನ ಅವರ ಮುಖವನ್ನು ನಾನು ಮುಂಚೆ ನೋಡೇ ಇರಲಿಲ್ಲ. ಅದರಲ್ಲಿ ಒಂದು ತುಂಟತನ ಇತ್ತು. ಮಗಳ ಪ್ರಶ್ನೆ ಮತ್ತೆ ಬಂತು. ಯಾರ ಹತ್ರ ಮಾತಾಡ್ತಿದ್ದೆ ಇಷ್ಟು ವರ್ಷ?

ಶನಿವಾರ ಪೆಂಡಾಲಿನಲ್ಲಿ ನಿರೂಪಕಿ ನನ್ನನ್ನು 'ಮಾತಿನ ಮಲ್ಲ' ಅಂತ ಕರೆದರು. ಚೀಟಿ ಹೋದ ವರ್ಷದ್ದಿರಬೇಕು. ಸೌಂಡಿನ ಹುಡುಗ ಮಾತ್ರ ಬಂಗಾರ, ಬಸ್ಸಿನ ಸೀಟಿಯನ್ನು ಸರಿಯಾದ ಜಾಗದಲ್ಲೇ ಹಾಕಿದ. ಮೊದಲ ಒಂದು ನಿಮಿಷ ಜನ ಕಾಯುತ್ತಿದ್ದರು, ಇವನು ಯಾವಾಗ ಶುರು ಮಾಡ್ತಾನೆ ಅಂತ. ಮೂರನೇ ಟಣ್‌ಗೆ ಮಕ್ಕಳು ಎಣಿಸಲು ಶುರು ಮಾಡಿದರು. ಒಂದು ನಾಣ್ಯ ಜಾರಿ ಬಿತ್ತು. ಜೋಕು ನಾಲಿಗೆ ತುದಿಗೆ ಬಂತು, ಟಿಕೆಟ್ ಅಡ್ಡ. ಸುಮ್ನೆ ಅದನ್ನು ನೋಡಿದೆ. ಜನ ಅದಕ್ಕೇ ನಕ್ಕರು!

ಕಂಡಕ್ಟರ ವಿಷಯ ಶುಕ್ರವಾರವೇ ಬದಲಾಯಿಸಿದ್ದೆ. ಕೊನೆಯಲ್ಲಿ ಸೀಟಿ ಊದುತ್ತದೆ, ಪರದೆ ಸಂದಿಯಿಂದ ಒಂದು ಖಾಕಿ ತೋಳು ಬಂದು ಐದರ ನಾಣ್ಯ ಕೊಡುತ್ತದೆ. ತೋಳು ನನ್ನ ಹೆಂಡತಿಯದು, ಅಂಗಿ ಅಪ್ಪನದು. ಪ್ರಯಾಣಿಕ ಅದನ್ನೂ ಆಸೆಯಿಂದ ಚೊಂಬಿಗೇ ಹಾಕುತ್ತಾನೆ. ಟಣ್. ಬಾಯಿಂದ ಟಿಕೆಟ್ ತೆಗೆಯುತ್ತಾನೆ. ಚೊಂಬು ಬಗ್ಗಿಸುತ್ತಾನೆ. ಖಾಲಿ.

ಒಂದು ಕ್ಷಣ ಪೆಂಡಾಲಿನಲ್ಲಿ ಸದ್ದೇ ಇಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ದೊಡ್ಡ ಗಂಟಲು. "ಚೊಂಬು!"

ಜನ ಬಿದ್ದು ಬಿದ್ದು ನಕ್ಕರು. ಕಾರ್ಯದರ್ಶಿಯೂ ನಕ್ಕರು. ಆಮೇಲೆ ಮೈಕು ಹಿಡಿದು ಐಟಂನ ಅರ್ಥ ವಿವರಿಸಿದರು, ಅದು ಬೇರೆ ಮಾತು.

ಆ ಗಂಟಲು ತಾತನದೇ ಅಂತ ಮಗಳು. ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬೇಲೂರು ಅಂತ ಕೂಗುವ ಗಂಟಲು ಅದು ಅಂತ ನನಗೂ ಅನುಮಾನ. "ನಾನ್ಯಾಕೆ ಕೂಗಲಿ" ಅಂದರು ಅಪ್ಪ. ನಿನ್ನೆ ರಾತ್ರಿ ಮೂವರೂ ಕೂತು ವಿಡಿಯೋ ನೋಡಿದೆವು. ಟಿಕೆಟ್ ಇರುವವರೆಗೆ ತುಟಿ ಕಲ್ಲು. ಚೊಂಬು ಬಗ್ಗಿಸುವ ಜಾಗ ಬಂತು. ಮಗಳು ವಿಡಿಯೋ ನಿಲ್ಲಿಸಿ ಮುಖ ಹಿಗ್ಗಿಸಿದಳು. ತುಟಿ ಎರಡು ಸಲ ಕೂಡಿ ಬಿಟ್ಟಿತ್ತು. ಚೊಂ. ಬು.

"ಹಾಗಾದ್ರೆ ಮೊದಲು ಹೇಳಿದ್ದು ಅಪ್ಪಾನೇ" ಅಂದಳು.

"ಇಲ್ಲ ಕಣೇ, ದನಿ ಬಂದಿಲ್ಲ" ಅಂದೆ.

ಅಪ್ಪ ಕನ್ನಡಕ ಸರಿ ಮಾಡಿಕೊಂಡು ಮೊಬೈಲಿನ ಹತ್ತಿರ ಬಗ್ಗಿದರು. "ಸೌಂಡ್ ಜಾಸ್ತಿ ಮಾಡಿ ಇನ್ನೊಂದ್ಸಲ ಹಾಕು ಮಗಾ."