ಕಟ್ಟೆ ಬಿದ್ದ ಏಲಕ್ಕಿ ಬುಡ

ಮೊನ್ನೆ ಮಳೆ ಸ್ವಲ್ಪ ಬಿಟ್ಟಿತ್ತು. ಕೊಡಗಿನ ಗಾಳಿಬೀಡಿನ ನಮ್ಮ ಏಲಕ್ಕಿ ತೋಟಕ್ಕೆ ಇಳಿದೆ. ತೋಡಿನ ಪಕ್ಕದ ಬುಡದಲ್ಲಿ ಒಂದು ಎಳೆ ಎಲೆ ಯಾಕೋ ಬೇರೆ ಥರ ಕಂಡಿತು. ಬೆಳಕಿಗೆ ಹಿಡಿದು ನೋಡಿದೆ. ನಡುನರದಿಂದ ಅಂಚಿನ ತನಕ ತೆಳು ಹಸಿರು ಗೆರೆಗಳು, ಒಂದರ ಪಕ್ಕ ಒಂದು, ಅಲ್ಲಲ್ಲಿ ತುಂಡು ತುಂಡಾಗಿ. ಕಟ್ಟೆ ರೋಗ.

ಅಮ್ಮ ನೆಟ್ಟ ಬುಡ ಅದು. ಶರದಲ್ಲಿ, ಅಂದರೆ ಕಾಯಿ ಬಿಡುವ ಗೊಂಚಲಿನಲ್ಲಿ, ಹಸಿ ಕಾಯಿ ಇನ್ನೂ ಇತ್ತು. ಆದರೂ ಹಾರೆ ಹಾಕಿ ಕಿತ್ತೆ. ಕಟ್ಟೆಗೆ ಮದ್ದಿಲ್ಲ. ಅದು ವೈರಸ್. ಒಣಗಿದ ಎಲೆಪೊರೆಯ ಸಂದಿಯಲ್ಲಿ ಕೂರುವ ಸಣ್ಣ ಕಂದು ಸಸ್ಯಹೇನು ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಆ ಹೇನು ಕೆಸುವಿನಲ್ಲೂ ಬದುಕುತ್ತದೆ, ಹಾಗಾಗಿ ತೋಡಿನ ಬದಿಯ ಕೆಸುವನ್ನೂ ಕಿತ್ತು ಹಾಕಿದೆ. ಔಷಧಿ ಹೊಡೆದರೆ ಹೇನು ಸಾಯುತ್ತದೆ ನಿಜ. ಆದರೆ ಸಾಯುವ ಮೊದಲೇ ಒಂದು ಸಲ ಚುಚ್ಚಿದರೂ ಸಾಕು.

ಗಿಡ ಕೀಳುವಾಗೆಲ್ಲ ನನಗೆ ಹವಾಯಿಯ ಪಪ್ಪಾಯಿ ನೆನಪಾಗುತ್ತದೆ. 1992ರಲ್ಲಿ ಅಲ್ಲಿನ ಪುನಾ ಎಂಬ ಕಡೆ ಉಂಗುರ ಚುಕ್ಕೆ ವೈರಸ್ ನುಗ್ಗಿ ತೋಟಕ್ಕೆ ತೋಟವೇ ಹಾಳಾಯಿತು. ವಿಜ್ಞಾನಿ ಡೆನಿಸ್ ಗೊನ್ಸಾಲ್ವೆಸ್ ಮತ್ತು ಜೊತೆಗಾರರು ವೈರಸ್‌ನ ಹೊರಕವಚದ ಜೀನ್ ಒಂದನ್ನೇ ತೆಗೆದು ಪಪ್ಪಾಯಿಗೆ ಸೇರಿಸಿದ್ದರು. ಅದರಿಂದ ಗಿಡಕ್ಕೆ ವೈರಸ್‌ನ ಗುರುತು ಮೊದಲೇ ಸಿಕ್ಕಿರುತ್ತದೆ. ನಿಜವಾದ ವೈರಸ್ ಬಂದಾಗ ಅದರ ಆರ್‌ಎನ್‌ಎಯನ್ನು ಗಿಡವೇ ಕತ್ತರಿಸಿ ಹಾಕುತ್ತದೆ. 1998ರಲ್ಲಿ ರೈನ್‌ಬೋ ತಳಿಯ ಬೀಜ ರೈತರ ಕೈಗೆ ಬಂತು. ತೋಟಗಳು ಮತ್ತೆ ಎದ್ದವು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ನಮ್ಮ ಏಲಕ್ಕಿಗೂ ಇದು ಬೇಕು ಅನ್ನೋದು ನನ್ನ ಆಸೆ. ಆದರೆ ಒಂದು ವ್ಯತ್ಯಾಸ ಇದೆ. ಪಪ್ಪಾಯಿಗೆ ಹವಾಯಿ ತವರಲ್ಲ. ಏಲಕ್ಕಿಗೆ ಈ ಪಶ್ಚಿಮ ಘಟ್ಟವೇ ತವರು. ನಮ್ಮ ಬೇಲಿಯಾಚೆ ಕಾಡಿನಲ್ಲೇ ಅದರ ನೆಂಟರಿದ್ದಾರೆ, ತುಡುವೆ ಜೇನು ಎರಡೂ ಕಡೆ ಹಾರುತ್ತದೆ. ಹೊಸ ಜೀನ್ ಕಾಡಿಗೆ ಹೋದರೆ ವಾಪಸ್ ಕರೆಯೋಕೆ ಆಗಲ್ಲ, ಅಲ್ವಾ? ಹಾಗಂತ ಪ್ರಯತ್ನವೇ ಬೇಡ ಅನ್ನೋದನ್ನು ನಾನು ಒಪ್ಪಲ್ಲ. ಮುಚ್ಚಿದ ಹಸಿರುಮನೆಯಲ್ಲಿ ವರ್ಷಗಟ್ಟಲೆ ಬೆಳೆಸಿ ನೋಡಲಿ. ಕುಲಾಂತರಿ ಅಂದ ಕೂಡಲೇ ಜಗಳ ಶುರುವಾದರೆ ಬುಡ ಕೀಳುವವರ ಮಾತು ಯಾರಿಗೂ ಕೇಳಿಸುವುದಿಲ್ಲ.

ಸದ್ಯಕ್ಕೆ ಅಪ್ಪಂಗಳದ ಸಂಶೋಧನಾ ಕೇಂದ್ರದ ‘ವಿಜೇತ’ ಎಂಬ ಏಲಕ್ಕಿ ತಳಿ ಇದೆ. ಕಟ್ಟೆ ಬಿದ್ದ ತೋಟಗಳ ನಡುವೆಯೂ ಹಸಿರಾಗಿ ಉಳಿದ ಗಿಡಗಳನ್ನು ಹುಡುಕಿ, ಅವುಗಳಿಂದ ಆರಿಸಿದ ತಳಿ. ಕಿತ್ತ ಬುಡದ ಗುಂಡಿಯನ್ನು ಮುಚ್ಚಿಲ್ಲ. ಅಲ್ಲಿಗೆ ವಿಜೇತ ತಳಿಯ ಮರಿಗಿಡ ತರಬೇಕು.